ಹಗೇವಿನ ಗಾಳಿ

ತಾಯಲೂರಿನ ಶಾಲೆಯ ಕೋದಂಡರಾಮಪ್ಪ ಮೇಷ್ಟ್ರಿಗೆ ಗಾಳಿಯ ವಿಷಯ ಬಾಯಿಪಾಠ. ಐದರಲ್ಲಿ ನಾಲ್ಕು ಪಾಲು ಸಾರಜನಕ, ಒಂದು ಪಾಲು ಆಮ್ಲಜನಕ, ಚೂರುಪಾರು ಇಂಗಾಲಾಮ್ಲ. ಉರಿಯುವ ಮೇಣದಬತ್ತಿಗೆ ಗಾಜಿನ ಲೋಟ ಮುಚ್ಚಿ, ಅದು ಆರುವುದನ್ನು ಮಕ್ಕಳಿಗೆ ತೋರಿಸಿ ಇನ್ನೂ ವಾರ ತುಂಬಿರಲಿಲ್ಲ.

೧೯೩೮ರ ಬೇಸಿಗೆ. ಬೀಗರು ಮುಳಬಾಗಿಲಿನಿಂದ ಹೊರಟಾಗಿತ್ತು, ಮನೆಯಲ್ಲಿ ರಾಗಿ ಹಿಟ್ಟು ಮುಗಿದಿತ್ತು. ಹಿತ್ತಲಿನ ಹಗೇವು, ಅಂದರೆ ನೆಲದಡಿ ರಾಗಿ ತುಂಬಿಡುವ ಆಳದ ಗುಂಡಿ, ಅರ್ಧ ಖಾಲಿಯಾಗಿ ತಿಂಗಳುಗಟ್ಟಲೆ ಮುಚ್ಚಿತ್ತು. ಅದನ್ನು ತೆಗೆಯಲು ಮುನಿಯಲ್ಲಮ್ಮ ಮತ್ತು ಅವಳ ಗಂಡ ಬಚ್ಚಪ್ಪ ಬಂದರು. ಮುನಿಯಲ್ಲಮ್ಮ ಬಾಯಿಕಲ್ಲು ಸರಿಸಿ, ಹಣತೆ ಹಚ್ಚಿ, ಹಗ್ಗದಲ್ಲಿ ಒಳಗೆ ಬಿಟ್ಟಳು. ಒಂದಾಳುದ್ದ ಇಳಿಯುವಷ್ಟರಲ್ಲಿ ದೀಪ ಆರಿತು.

"ಒಳಗಿನಮ್ಮನಿಗೆ ಇನ್ನೂ ಸಮಾಧಾನ ಆಗಿಲ್ಲ ಸ್ವಾಮಿ. ನಾಳೆ ಇಳಿಯಾನ," ಎಂದಳು ಮುನಿಯಲ್ಲಮ್ಮ.

"ಅಮ್ಮನೂ ಇಲ್ಲ, ಗಿಮ್ಮನೂ ಇಲ್ಲ. ಎಣ್ಣೆ ಸಾಲ್ದೆ ಆರಿದೆ ಕಣೇ," ಎಂದರು ಮೇಷ್ಟ್ರು.

ಬಚ್ಚಪ್ಪ ಇಳಿಯಲು ಒಪ್ಪಲಿಲ್ಲ. ಮೂಢನಂಬಿಕೆ ಬಿಡಿಸಲು ಇದೇ ಸಮಯ ಎಂದುಕೊಂಡ ಮೇಷ್ಟ್ರು ಪಂಚೆ ಎತ್ತಿಕಟ್ಟಿ ತಾವೇ ಸಿದ್ಧರಾದರು.

"ಇಳೀರಿ. ಆದ್ರೆ ಸೊಂಟಕ್ಕೆ ಹಗ್ಗ ಕಟ್ಟದೆ ಬಿಡಾಕಿಲ್ಲ," ಎಂದಳು ಮುನಿಯಲ್ಲಮ್ಮ. ಅವಳ ಸಮಾಧಾನಕ್ಕಾಗಲಿ ಎಂದು ಕಟ್ಟಿಸಿಕೊಂಡರು.

ಏಣಿಯ ಹತ್ತನೇ ಮೆಟ್ಟಿಲಿಗೆ ಕಾಲು ಸೋತಿತು. ಕೂಗೋಣವೆಂದರೆ ಉಸಿರೇ ಇಲ್ಲ. ಮಕ್ಕಳಿಗೆ ಲೋಟದೊಳಗೆ ತೋರಿಸಿದ್ದನ್ನೇ ಈಗ ತಮಗೆ ಹಣತೆ ತೋರಿಸಿತ್ತು ಎಂಬುದು ಕಣ್ಣು ಕತ್ತಲಿಡುವಾಗ ಹೊಳೆಯಿತು. ರಾಗಿಯೂ ಜೀವವೇ. ಮುಚ್ಚಿದ ಗುಂಡಿಯಲ್ಲಿ ಅದೂ ಉಸಿರಾಡಿ ಆಮ್ಲಜನಕ ಮುಗಿಸಿತ್ತು. ಅದು ಬಿಟ್ಟ ಇಂಗಾಲಾಮ್ಲ, ಭಾರದ ಗಾಳಿ, ಅಲ್ಲೇ ತುಂಬಿ ಕೂತಿತ್ತು. ಓದಿದ್ದೆಲ್ಲ ಹೊತ್ತಿಗೆ ಒದಗದೆ ಕೈಕೊಟ್ಟಿತು.

ಕಣ್ಣು ಬಿಟ್ಟಾಗ ಮೇಷ್ಟ್ರು ಹಿತ್ತಲಿನ ಬಾವಿಕಟ್ಟೆಯ ಪಕ್ಕ ಅಂಗಾತ ಬಿದ್ದಿದ್ದರು. ಹಗ್ಗ ಎಳೆದು ಬಚ್ಚಪ್ಪನ ಅಂಗೈ ಸುಲಿದಿತ್ತು. ಮುನಿಯಲ್ಲಮ್ಮ ಮೊರದಿಂದ ಗಾಳಿ ಹಾಕುತ್ತಲೇ ಇದ್ದಳು. ದಿನವೂ ಲೆಕ್ಕವಿಲ್ಲದೆ ಎಳೆದುಕೊಂಡಿದ್ದ ಆ ಗಾಳಿ ಎದೆ ತುಂಬಿದಾಗ ಮೇಷ್ಟ್ರಿಗೆ ಅಳು ತಡೆಯಲಾಗಲಿಲ್ಲ.

"ಈ ಉಸಿರು ನೀನು ಕೊಟ್ಟಿದ್ದು ತಾಯಿ," ಎಂದು ಕೈಮುಗಿದರು. ಅವಳು ಗಾಬರಿಯಾಗಿ ಮೊರ ಕೆಳಗಿಟ್ಟಳು.

ಸೋಮವಾರ ಅವಳನ್ನು ಶಾಲೆಗೆ ಕರೆಸಿದರು. ಹೊಸ್ತಿಲಾಚೆಯೇ ನಿಂತಿದ್ದವಳನ್ನು ಒಳಗೆ ಕರೆದು, ಇದ್ದ ಒಂದೇ ಕುರ್ಚಿಯಲ್ಲಿ ಕೂರಿಸಿ, ತಾವು ಪಕ್ಕಕ್ಕೆ ನಿಂತರು. "ಇವತ್ತು ಗಾಳಿಯ ಪಾಠ ಇವರು ಮಾಡ್ತಾರೆ," ಎಂದರು. ಕುರ್ಚಿಯ ತುದಿಯಲ್ಲಿ ಮುದುಡಿ ಕೂತ ಮುನಿಯಲ್ಲಮ್ಮ ಸೆರಗು ಸರಿಮಾಡಿಕೊಂಡಳು. ಆಮೇಲೆ ಮಕ್ಕಳನ್ನು ನೋಡಿ ಎಂದಳು:

"ದೀಪ ಆರಿದ್ರೆ ಇಳೀಬೇಡ್ರಪ್ಪ. ಮೇಷ್ಟ್ರು ಹೇಳಿದ್ರೂ ಇಳೀಬೇಡಿ."

ಕೋದಂಡರಾಮಪ್ಪ ಸುಣ್ಣದ ಕಡ್ಡಿ ತೆಗೆದುಕೊಂಡು, ಅವಳ ಮಾತನ್ನು ಒಂದಕ್ಷರವೂ ಬಿಡದೆ ಹಲಗೆಯ ಮೇಲೆ ಬರೆದರು. ಮಕ್ಕಳಿಗೆ ಬರೆದುಕೊಳ್ಳಲು ಹೇಳಿದರು.