ಹಸಿ ಬಣ್ಣದ ಕಣ್ಣು

ನನ್ನ ಗಂಡ ನಿಂಗರಾಜ್ ಬರೆದ ಯಾವ ಮುಖಕ್ಕೂ ಕಣ್ಣಿಲ್ಲ. ದಾವಣಗೆರೆಯ ವಿನೋಬನಗರದ ಆಟೊದವರು, ಆನೆಕೊಂಡದ ಹೆಂಗಸರು, ಕೊನೆಗೆ ತನ್ನದೇ ಮುಖ. ಕಣ್ಣಿರಬೇಕಾದ ಕಡೆ ಬರೀ ಕಂದು ಬಣ್ಣ. ಕಣ್ಣು ಬರೆದರೆ ಜನ ಅದನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ, ಮುಖ ಯಾರೂ ನೋಡದೆ ಉಳಿಯುತ್ತದೆ ಎಂದು ಪತ್ರಿಕೆಯಲ್ಲಿ ವಾದಿಸಿದ್ದ. ಕಣ್ಣು ಚೆನ್ನಾಗಿ ಬರೆಯುವವರನ್ನು ತನ್ನ ವಿಮರ್ಶೆಗಳಲ್ಲಿ ಬಿಡುತ್ತಿರಲಿಲ್ಲ.

ಅವನು ತೀರಿಹೋಗಿ ವರ್ಷವಾಗುತ್ತಿತ್ತು. ಅವನು ಬರೆದುಕೊಂಡ ತನ್ನ ಚಿತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ದಾವಣಗೆರೆಯಿಂದ ಬಸ್ಸಿನಲ್ಲಿ ಹರಿಹರದ ಅವನ ತಾಯಿಯ ಮನೆಗೆ ಒಯ್ದೆ. ವರ್ಷದ ಎಡೆ ಇಡಲು ಅತ್ತೆ ಓಬವ್ವನಿಗೆ ಅದೇ ಬೇಕಿತ್ತು. ಎಡೆ ಮುಗಿದ ಮೇಲೆ ಅವನ ಗೆಳೆಯ ಬಕ್ಕೇಶ್ ಅದನ್ನು ಪ್ರದರ್ಶನಕ್ಕೆ ಒಯ್ಯುವುದೆಂದು ಮಾತಾಗಿತ್ತು.

ಅತ್ತೆ ಬಟ್ಟೆ ಬಿಚ್ಚಿ ನೋಡಿದರು.

"ಕಣ್ಣೆಲ್ಲವ್ವಾ?"

"ಅವನು ಬರೀತಿರಲಿಲ್ಲ ಅತ್ತೆ. ಮೊಬೈಲ್‌ನಾಗೆ ಒಳ್ಳೆ ಫೋಟೊ ಐತೆ, ದೊಡ್ಡದು ಮಾಡಿಸ್ತೀನಿ."

"ಫೋಟೊ ಯಾರೋ ತೆಗೆದಿದ್ದು. ಇದು ನನ್ನ ಮಗನ ಕೈಯಾಗಿಂದು. ಆದ್ರೆ ಕಣ್ಣಿಲ್ದವನಿಗೆ ಎಡೆ ಹೆಂಗ ಇಡ್ಲಿ? ಏನಿಟ್ಟೀವಿ ಅಂತ ಅವ ನೋಡಬ್ಯಾಡವಾ?" ಚಿತ್ರವನ್ನು ಗೋಡೆಗೆ ಒರಗಿಸಿ, "ನೀನೂ ಅವ ಕಲ್ತ ಚಿತ್ರದ ಕಾಲೇಜಿನಾಕಿ ಅಲ್ಲೇನು? ಕಣ್ಣು ಬರಿಯೋದು ನಿನಗೂ ಕಲಿಸ್ಲಿಲ್ಲೇನು?" ಎಂದರು.

ಕಲಿಸಿದ್ದರು. ಆದರೆ ಅವನ ಕಣ್ಣು ನೆನಪಿಗೆ ಬರಲಿಲ್ಲ. ಫೋಟೊಗಳಲ್ಲೆಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾನೆ. ಆ ಮನೆಯಲ್ಲೇ ಉಳಿದಿದ್ದ ಅವನ ಹಳೆಯ ಪೆಟ್ಟಿಗೆಯಿಂದ ಎಣ್ಣೆಬಣ್ಣ ತಂದು, ಊಹೆಯ ಮೇಲೆ ಬರೆದೆ. ಬರೆಯುವಾಗ ಸಂತೋಷವಾಯಿತು. ಅವನು ಹೋದ ಮೇಲೆ ಮೊದಲ ಸಲ. ಕುಂಚ ತೊಳೆಯುವಾಗ ಆ ಸಂತೋಷ ನೆನಪಾಗಿ ನಾಚಿಕೆಯಾಯಿತು.

ಮರುದಿನ ಎಡೆ. ಅತ್ತೆ ಹೋಳಿಗೆ ಇಟ್ಟು, ಗೋಡೆಗೆ ಒರಗಿಸಿದ್ದ ಚಿತ್ರದ ಹತ್ತಿರ ಬಗ್ಗಿ, "ತುಪ್ಪ ಜಾಸ್ತಿ ಹಾಕೀನಿ, ಬೈಬ್ಯಾಡ" ಎಂದರು. ಆಗಲೇ ಬಕ್ಕೇಶ್ ಬಂದ. ಚಿತ್ರ ನೋಡಿ ಬಾಗಿಲಲ್ಲೇ ನಿಂತ.

"ಯಾರು ಮಾಡಿದ್ದು ಮೇಡಂ ಇದು?"

"ನಾನು."

"ನೀವಾ? ಅವ ಜೀವಮಾನ ಪೂರ್ತಿ ಜಗಳ ಆಡಿದ್ದು ಇದಕ್ಕೇ ಅಲ್ರಿ!" ಹತ್ತಿರ ಹೋಗಿ ಚಿತ್ರದ ಮೇಲೆ ಬೆರಳಿಟ್ಟ. ತುದಿಗೆ ಕಪ್ಪು ಅಂಟಿತು. ಅವನ ಮುಖ ಅರಳಿತು. "ಇನ್ನೂ ಹಸಿ ಐತೆ. ಕೆಳಗಿಂದು ಪೂರ್ತಿ ಒಣಗೈತೆ. ಬಟ್ಟೆಗೆ ಟರ್ಪೆಂಟೈನ್ ಹಾಕಿ ಒರೆಸಿದ್ರೆ ಹೋಗ್ತದೆ. ನೀವೇ ಒರೆಸ್ರಿ."

ಬಟ್ಟೆ ಒದ್ದೆ ಮಾಡಿ ತಂದೆ. ಬಕ್ಕೇಶನ ಮಾತು ಸರಿಯಿತ್ತು. ನಿಂಗರಾಜ್ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದ.

ಅತ್ತೆ ಎದ್ದು ಅಡ್ಡ ಬರಲಿಲ್ಲ. ಬಟ್ಟೆಯನ್ನು ನೋಡಿ, "ಊಟ ಮಾಡ್ಲಿ ತಡಿಯವ್ವಾ" ಎಂದರು, ಅಷ್ಟೇ.

ಬಟ್ಟೆಯನ್ನು ಕೆಳಗಿಟ್ಟೆ.

ಬಕ್ಕೇಶ್ ಹೋಳಿಗೆಯನ್ನೂ ತಿನ್ನದೆ ಹೊರಟ. ಅವನು ಬಸ್ ಹತ್ತುವ ಮೊದಲು ಫೋನ್ ಮಾಡಿ, "ಒಣಗೋದ್ರೊಳಗೆ ಮನಸ್ಸು ಬದಲಾದ್ರೆ ಹೇಳ್ರಿ. ಪ್ರದರ್ಶನದ ಗೋಡೆ ಮೇಲೆ ಜಾಗ ಬಿಟ್ಟಿರ್ತೀನಿ" ಎಂದ.

ದಾವಣಗೆರೆಗೆ ಹಿಂತಿರುಗದೆ ಹರಿಹರದಲ್ಲೇ ಉಳಿದೆ. ದಿನಾ ಬೆಳಿಗ್ಗೆ ಅತ್ತೆ ಚಿತ್ರಕ್ಕೆ ವಿಭೂತಿ ಹಚ್ಚಿ ಒಳಗೆ ಹೋದ ಮೇಲೆ ಆ ಕಣ್ಣಿನ ಅಂಚನ್ನು ಮುಟ್ಟಿ ನೋಡುತ್ತಿದ್ದೆ. ಬಣ್ಣ ಅಂಟುತ್ತಿತ್ತು. ಇನ್ನೂ ಒರೆಸಬಹುದಿತ್ತು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಕಾಫಿಗೆ ಇಡುತ್ತಿದ್ದೆ.

ಇವತ್ತು ಮುಟ್ಟಿದೆ. ಬೆರಳಿಗೆ ಏನೂ ಹತ್ತಲಿಲ್ಲ.