ಅಳಿದವರು, ಉಳಿದವರು

ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವನಿಗೆ ಅಲ್ಲಿಯವರು ಇಟ್ಟ ಹೆಸರು ಕೊಂಬು ಮೇಷ್ಟ್ರು. ಅಕ್ಷರದ ಕೊಂಬು ಒಂದು ಬಿಟ್ಟುಹೋದರೂ ಅವನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ ಎನ್ನುವುದು ಎದುರಿಗೆ ಹೇಳುವ ಕಾರಣ. ತಲೆಯ ಮೇಲೂ ಎರಡಿವೆ ಎನ್ನುವುದು ಬೆನ್ನ ಹಿಂದಿನದು. ಎರಡೂ ನಿಜ.

ನಿವೃತ್ತನಾದ ಮೇಲೆ ಅವನು ಹಳೆಯ ಕಾರಿನಲ್ಲಿ ಒಬ್ಬನೇ ಊರೂರು ಸುತ್ತಿ ವಸ್ತುಸಂಗ್ರಹಾಲಯ, ಸ್ಮಾರಕಗಳನ್ನು ನೋಡತೊಡಗಿದ. ನೋಡುವುದೇನು ಬಂತು, ಓದುತ್ತಿದ್ದ. ಗಾಜಿನ ಪೆಟ್ಟಿಗೆಯಲ್ಲಿ ಸಾವಿರ ವರ್ಷದ ಮಡಕೆಯಿದ್ದರೆ ಅವನ ಕಣ್ಣು ಕೆಳಗಿನ ಚೀಟಿಯ ಮೇಲೆ. ಹೆಂಡತಿ ಎರಡು ಪ್ರವಾಸಕ್ಕೆ ಜೊತೆಗೆ ಬಂದು, ಮೂರನೆಯದಕ್ಕೆ ಕೈಮುಗಿದಳು. ಈ ಸಲ ಎಂಟು ದಿನದಲ್ಲಿ ಆರು ಕಡೆ ಮುಗಿದಿತ್ತು. ನೇಕಾರರ ಸಂಗ್ರಹಾಲಯದಲ್ಲಿ, ಚೀಟಿಗಳನ್ನೆಲ್ಲ ಸ್ವಂತ ಕೈಯಲ್ಲಿ ಬರೆದಿದ್ದ ಮುದುಕಿಯೊಬ್ಬಳು ಉತ್ಸಾಹದಿಂದ ಓಡಾಡಿ ಮಗ್ಗ ತೋರಿಸಿದಳು. ಇವನು ಜೇಬಿನಿಂದ ಕೆಂಪು ಪೆನ್ನು ತೆಗೆದು, ಅವಳ ಮುಂದೆಯೇ ಸಂದರ್ಶಕರ ಪುಸ್ತಕದಲ್ಲಿ ಹದಿನೇಳು ತಪ್ಪು ಪಟ್ಟಿ ಮಾಡಿದ. ಅವಳ ಮುಖ ಸಣ್ಣದಾಯಿತು. ಆ ದಿನ ಅವನಿಗೆ ಊಟ ಚೆನ್ನಾಗಿ ಸೇರಿತು.

ಆದರೆ ಈ ಸುತ್ತಾಟವೆಲ್ಲ ಏಳನೆಯ ಜಾಗಕ್ಕೆ ಹೋಗುವುದನ್ನು ಮುಂದೂಡುವ ನೆಪ. ಅದು ಗಣಿ ದುರಂತದ ಸ್ಮಾರಕ. ಅಲ್ಲಿ ಜನರನ್ನು ಸುತ್ತು ಹಾಕಿಸಿ ತೋರಿಸುವ ಕೆಲಸದಲ್ಲಿದ್ದವನು ಅವನ ಸ್ವಂತ ತಮ್ಮ. ಮೂವತ್ತೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಅವನಿಗೆ ಹೇಳುವುದಿದ್ದದ್ದು ಒಂದೇ ಪದ, ‘ತಪ್ಪಾಯಿತು’ ಅಂತ. ಬೇರೆಯವರ ತಪ್ಪಿನಲ್ಲೇ ಅನ್ನ ತಿಂದವನ ಬಾಯಿಂದ ಆ ಪದ ಒಮ್ಮೆಯೂ ಹೊರಟಿರಲಿಲ್ಲ.

ನಡೆದದ್ದು ಇಷ್ಟು. ಮುದ್ರಣಾಲಯದ ಕೆಲಸ ಬೇಡವೆಂದು ತಮ್ಮ ಗಣಿಗೆ ಹೊರಟಾಗ, ನನ್ನ ಪಾಲಿಗೆ ನೀನು ಸತ್ತೆ ಎಂದಿದ್ದ ಅಣ್ಣ. ಮರುವರ್ಷ ಗಣಿ ಕುಸಿಯಿತು. ಮುದ್ರಣಾಲಯದಲ್ಲಿ ಅಚ್ಚಾಗುತ್ತಿದ್ದ ದಿನಪತ್ರಿಕೆಗೆ ಎರಡು ಪಟ್ಟಿ ಬಂದವು, ಅಳಿದವರದೊಂದು, ಉಳಿದವರದೊಂದು. ಅಚ್ಚಿನ ಮೊಳೆ ಜೋಡಿಸುವವನು ಅವಸರದಲ್ಲಿ ಎರಡಕ್ಕೂ ‘ಉಳಿದವರು’ ಎಂದೇ ತಲೆಬರಹ ಕೊಟ್ಟಿದ್ದ. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಕೊಂಬು ಮೇಷ್ಟ್ರು ಯಾರನ್ನೂ ಕೇಳುವ ಪೈಕಿಯಲ್ಲ. ಸತ್ತವರೇ ಕಡಿಮೆ ಇರಬೇಕು ಎಂದು ಊಹಿಸಿ, ಚಿಕ್ಕ ಪಟ್ಟಿಯ ‘ಉ’ ಹೊಡೆದು ‘ಅ’ ಬರೆದ. ಅದರಲ್ಲಿದ್ದ ಐದು ಹೆಸರಿನಲ್ಲಿ ಮೂರನೆಯದು ತಮ್ಮನದು. ಅದೂ ಕಣ್ಣಿಗೆ ಬಿತ್ತು. ಆದರೂ ಕೈ ನಿಲ್ಲಲಿಲ್ಲ.

ಬೆಳಿಗ್ಗೆ ತಾಯಿ ಪೇಪರು ಓದಿ ಕೂತಲ್ಲೇ ಒರಗಿದಳು. ಚಿಕ್ಕ ಪಟ್ಟಿಯೇ ಉಳಿದವರದು ಎಂಬ ತಿದ್ದುಪಡಿ ಮರುದಿನ ಒಂದು ಮೂಲೆಯಲ್ಲಿ ಬಂತು. ಅವಳು ಅಷ್ಟು ಹೊತ್ತು ಕಾಯಲಿಲ್ಲ. ತಮ್ಮ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿ ಆ ಪುಟ ಓದಿದ. ಅದನ್ನು ತಿದ್ದುವ ಕೈ ಯಾರದೆಂದು ಅವನಿಗೆ ಗೊತ್ತಿತ್ತು. ಮತ್ತೆ ಮನೆಯ ಕಡೆ ತಲೆ ಹಾಕಲಿಲ್ಲ.

ಸ್ಮಾರಕದಲ್ಲಿ ಕೊನೆಯ ಸುತ್ತಿಗೆ ಹತ್ತು ಜನ ಕಾಯುತ್ತಿದ್ದರು. ಇವನು ಹನ್ನೊಂದನೆಯವನಾಗಿ ಹಿಂದೆ ನಿಂತ. ಕುಂಟುತ್ತ ಬಂದ ತಮ್ಮನ ತಲೆ ಪೂರ್ತಿ ನರೆತಿತ್ತು. ತಲೆಗಳನ್ನು ಎಣಿಸಿದ. ಬೆರಳು ಇವನ ಮೇಲೆ ಒಂದು ಗಳಿಗೆ ನಿಂತು, “ಹನ್ನೊಂದು” ಎಂದು ಮುಂದೆ ಹೋಯಿತು. ದೀಪದ ಟೋಪಿ, ಮಣ್ಣು ಮೆತ್ತಿದ ಬೂಟು, ಜಜ್ಜಿಹೋದ ಊಟದ ಡಬ್ಬಿ, ಒಂದೊಂದನ್ನೂ ತೋರಿಸಿದ. ಜೀವಮಾನದಲ್ಲಿ ಮೊದಲ ಸಲ ಕೊಂಬು ಮೇಷ್ಟ್ರು ಒಂದು ಚೀಟಿಯನ್ನೂ ಓದಲಿಲ್ಲ.

ಕೊನೆಯ ಕೋಣೆಯ ಗೋಡೆಯ ಮೇಲೆ ಆ ಪುಟ, ಕಟ್ಟು ಹಾಕಿಸಿಕೊಂಡು ಕೂತಿತ್ತು.

“ಇಲ್ಲಿ ಮೂರನೇ ಹೆಸರು ನಂದು,” ಎಂದ ತಮ್ಮ. “ಗಣಿ ನನ್ನನ್ನ ಬಿಟ್ಟುಬಿಡ್ತು. ನಮ್ಮಣ್ಣ ಬಿಡಲಿಲ್ಲ. ಒಂದೇ ಅಕ್ಷರದಲ್ಲಿ ಮುಗಿಸಿದ. ಅಮ್ಮನೂ ಅದೇ ಅಕ್ಷರಕ್ಕೆ ಹೋದಳು.”

ದಿನಕ್ಕೆ ಆರು ಸಲ ಹೇಳಿ ಹೇಳಿ ನಯವಾದ ಮಾತು ಅದು. ಜನ ನಗಬೇಕೋ ಬೇಡವೋ ತಿಳಿಯದೆ ನಿಂತರು. ಒಬ್ಬ ಹೆಂಗಸು, ಆ ಅಣ್ಣ ಈಗ ಎಲ್ಲಿದ್ದಾರೆ ಎಂದು ಕೇಳಿದಳು. ತಮ್ಮ ನೇರವಾಗಿ ಅಣ್ಣನ ಮುಖ ನೋಡಿದ.

“ಅಳಿದವರ ಪಟ್ಟಿಗೆ ಸೇರಿಸಿದೀನಿ,” ಎಂದ.

ಎಲ್ಲರೂ ಹೊರಟರು. ಇವನು ಉಳಿದ. ಬಾಯಿ ತೆರೆದು ಮುಚ್ಚಿದ. ಮೇಜಿನ ಮೇಲೆ ಸಂದರ್ಶಕರ ಪುಸ್ತಕವಿತ್ತು. ಬಾಯಿಗೆ ಬರದ್ದು ಕೈಗಾದರೂ ಬರಲಿ ಎಂದು ಕೆಂಪು ಪೆನ್ನು ತೆಗೆದ. ಅವಸರದಲ್ಲಿ ಒಂದೇ ಸಾಲು ಬರೆದು, ಪುಸ್ತಕವನ್ನು ತಮ್ಮನ ಕಡೆಗೆ ತಿರುಗಿಸಿದ. ಹಾಗೆ ಇನ್ನೊಬ್ಬರ ಓದಿಗೆ ಕಾದು ನಿಂತದ್ದೂ ಅವನಿಗೆ ಹೊಸದೇ.

ತಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದ. ಆಮೇಲೆ ಕೈ ಚಾಚಿದ. ಅಣ್ಣನ ಕಣ್ಣು ತುಂಬಿ ಬಂತು, ತಾನೂ ಕೈ ಚಾಚಿದ. ತಮ್ಮ ಆ ಕೈಯಲ್ಲಿದ್ದ ಪೆನ್ನನ್ನು ಮಾತ್ರ ತೆಗೆದುಕೊಂಡ.

ಪುಸ್ತಕದಲ್ಲಿ ಇದ್ದದ್ದು, ‘ತಮ, ತಪ್ಪಾಯಿತು’ ಎಂದು. ತಮ್ಮ ಬಗ್ಗಿ, ‘ಮ’ದ ಕೆಳಗೆ ಅಚ್ಚುಕಟ್ಟಾಗಿ ಒತ್ತು ಹಾಕಿದ. ಪೆನ್ನು ಮುಚ್ಚಿ ಹಿಂದಕ್ಕೆ ಕೊಟ್ಟ.

“ಒತ್ತು ಬಿಟ್ಟಿದ್ರಿ, ಸರ್,” ಎಂದ. “ಐದಾಯ್ತು. ಬಾಗಿಲು ಹಾಕ್ಬೇಕು.”