ಹೆದ್ವಿಕಾಳ ಮನೆಯ ತಣ್ಣನೆಯ ಗೂಡು

ಹಳೆಯ ಗಣಿಗಳ ಯಾಖಿಮೊವ್ ಊರಿನ ಇಳಿಜಾರು ಬೀದಿಯಲ್ಲಿ ಬ್ಲಾಜೆನಾ ಇಳಿದು ನೋಡದ ನೆಲಮಾಳಿಗೆಗಳು ಕಡಿಮೆ. ಮನೆಗಳ ಗಾಳಿಯಲ್ಲಿ ರೇಡಾನ್ ಎಷ್ಟಿದೆ ಎಂದು ಅಳೆಯುವುದು ಅವಳ ಕೆಲಸ. ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ ಅದು. ಬೆಟ್ಟದ ಕಲ್ಲಿನೊಳಗಿನ ಯುರೇನಿಯಂ ಕ್ಷಯಿಸುತ್ತಾ ಬಿಡುವ ಉಸಿರು. ವರ್ಷಗಟ್ಟಲೆ ಒಳಗೆಳೆದುಕೊಂಡರೆ ಶ್ವಾಸಕೋಶಕ್ಕೆ ಕುತ್ತು. ಹೊಸ್ತಿಲಲ್ಲಿ ನಿಂತು ಒಮ್ಮೆ ಸುತ್ತ ಕಣ್ಣಾಡಿಸಿದರೆ ಸಾಕು, ಈ ಮನೆಗೆ ಅದು ನೆಲದ ಬಿರುಕಿನಿಂದ ಬರುತ್ತದೋ ಗೋಡೆಯ ಗಾರೆಯಿಂದಲೋ ಎಂದು ಬ್ಲಾಜೆನಾ ಅಂದಾಜು ಕಟ್ಟುತ್ತಿದ್ದಳು. ಅವಳ ಅಂದಾಜು ಹುಸಿಹೋಗುತ್ತಿದ್ದುದು ಅಪರೂಪ.

ಆದರೆ ದೀಪದ ಬುಡದಲ್ಲೇ ಕತ್ತಲೆ. ಬೀದಿಯ ಮೇಲ್ತುದಿಯಲ್ಲಿದ್ದ ಸ್ವಂತ ಅತ್ತೆಯ ಮನೆಯನ್ನು ಅವಳು ಅಳೆದಿರಲಿಲ್ಲ. ಅತ್ತೆ ಅಳೆಯಲು ಬಿಟ್ಟಿರಲಿಲ್ಲ. ಅತ್ತೆ ಬಿಡದಿದ್ದ ಮೇಲೆ ಆ ತುದಿಯ ಅಕ್ಕಪಕ್ಕದವರೂ ಬಿಟ್ಟಿರಲಿಲ್ಲ.

ಅತ್ತೆ ಹೆದ್ವಿಕಾ ಅಂತಿಂಥ ಹೆಂಗಸಲ್ಲ. ಊರಿನ ಸ್ನಾನಗೃಹದಲ್ಲಿ ಮೂವತ್ತು ವರ್ಷ ದುಡಿದವಳು. ಗಣಿಯ ಆಳದಿಂದ ಏರಿಬರುವ ರೇಡಾನ್ ನೀರಿನ ತೊಟ್ಟಿಗೆ ಕೀಲುನೋವಿನವರನ್ನು ಕೈಹಿಡಿದು ಇಳಿಸಿ, ಹೊತ್ತು ನೋಡಿ ಎಬ್ಬಿಸಿ, ಬಿಳಿ ಬಟ್ಟೆ ಸುತ್ತಿ ಮಲಗಿಸುತ್ತಿದ್ದವಳು. ಜನ ದೇಶ ದೇಶಗಳಿಂದ ಹುಡುಕಿಕೊಂಡು ಬರುವ ವಸ್ತುವನ್ನು ಸೊಸೆ ವಿಷ ಎನ್ನುವುದು ಅವಳಿಗೆ ಸ್ವಂತ ಅವಮಾನವೇ ಆಗಿಬಿಟ್ಟಿತ್ತು.

ಆ ಶರತ್ಕಾಲದಲ್ಲಿ ಮಾತು ಮುಂದೂಡುವಂತಿರಲಿಲ್ಲ. ಹೊಸ ವರ್ಷ ಕಳೆದ ಮೇಲೆ ಬ್ಲಾಜೆನಾ ದೂರದ ಜಿಲ್ಲೆಯೊಂದರ ಶಾಲೆಗಳನ್ನು ಅಳೆಯಲು ಹೋಗಬೇಕಿತ್ತು. ಗಂಡ ಹಿನೆಕ್ ಲಾರಿ ಓಡಿಸುವವನು. ಇವತ್ತು ಇಲ್ಲಿ, ನಾಳೆ ಗಡಿಯಾಚೆ. ಮೂರು ವರ್ಷದ ಮಗಳು ಅಪೊಲೆನಾ ವಾರವಿಡೀ ಅಜ್ಜಿಯ ಮನೆಯಲ್ಲೇ ಮಲಗಬೇಕು. ಮೇಲಿನ ಮೆಟ್ಟಿಲು ಕಡಿದಾದ್ದರಿಂದ ಮಗುವಿಗೆಂದು ಅಜ್ಜಿ ಆರಿಸಿದ್ದು ಕೆಳಗಿನ ಹಿಂದಿನ ಕೋಣೆ.

ಆ ಕೋಣೆಯ ಗೋಡೆಯಲ್ಲೇ ತಣ್ಣನೆಯ ಗೂಡು ಇದ್ದದ್ದು. ಮರದ ಬಾಗಿಲು ತೆರೆದರೆ ಬಂಡೆಯಲ್ಲಿ ಕೊರೆದ ಒಂದು ಅಲಮಾರು. ಅದರ ಬೆನ್ನಲ್ಲಿ ಕೈ ಹೋಗುವಷ್ಟು ಕಂಡಿ. ಬೇಸಿಗೆ ಚಳಿಗಾಲ ಎನ್ನದೆ ಆ ಕಂಡಿಯಿಂದ ತಂಪುಗಾಳಿ ಸುಯ್ಯೆಂದು ಬರುತ್ತಿತ್ತು. ಬೆಣ್ಣೆ, ಹಂದಿಕೊಬ್ಬಿನ ಜಾಡಿ, ಬಿಯರ್ ಬಾಟಲಿ ಎಲ್ಲ ಅಲ್ಲಿಯೇ. ಹೆದ್ವಿಕಾ ಫ್ರಿಜ್ ಕೊಂಡವಳಲ್ಲ. ಬಂದವರಿಗೆಲ್ಲ ಗೂಡಿನ ಬಾಗಿಲು ತೆರೆದು, "ಕರೆಂಟಿಲ್ಲ, ಸದ್ದಿಲ್ಲ, ರಿಪೇರಿಯಿಲ್ಲ," ಎಂದು ತೋರಿಸುತ್ತಿದ್ದಳು.

ಭಾನುವಾರದ ಊಟಕ್ಕೆ ಕೂತಾಗ ಬ್ಲಾಜೆನಾ ನೇರವಾಗಿಯೇ ಹೇಳಿದಳು. "ಅತ್ತೆ, ಆ ಕೋಣೆ ಅಳೆಯದೆ ಮಗೂನ ಅಲ್ಲಿ ಮಲಗಿಸೋಲ್ಲ."

ಹೆದ್ವಿಕಾ ಸಾರಿನ ಸೌಟನ್ನು ಠಣ್ಣೆಂದು ಪಾತ್ರೆಗೆ ಹಾಕಿದಳು. "ಓಹೋ! ನಿನ್ನ ಗಂಡ ಇದೇ ಮನೇಲಿ ಹುಟ್ಟಿ ಎತ್ತಿನ ಹಾಗೆ ಬೆಳೆದಿದ್ದಾನೆ. ಅವನಿಗೇನಾಗಿದೆ ಕೇಳು."

"ನನ್ನನ್ಯಾಕಮ್ಮ ಎಳೀತೀಯ," ಎಂದ ಹಿನೆಕ್, ಬಾಯಿ ತುಂಬ ಕಡುಬು ತುಂಬಿಕೊಂಡು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗಿದ್ದ ಅವನಿಗೆ ತಿನ್ನುತ್ತಿರುವುದೇ ಕ್ಷೇಮವೆನ್ನಿಸಿತ್ತು.

"ನಾನು ಅದೇ ರೇಡಾನಲ್ಲಿ ಜನರನ್ನ ಮುಳುಗಿಸಿ ಮುಳುಗಿಸಿ ಎದ್ದು ಓಡಾಡೋ ಹಾಗೆ ಮಾಡ್ದೋಳು ಕಣೇ."

"ಮಾಡಿದ್ರಿ, ಇಲ್ಲ ಅನ್ನೋಲ್ಲ. ಆದ್ರೆ ಡಾಕ್ಟರು ಚೀಟಿ ಬರೆದು, ನೀವು ಗಡಿಯಾರ ಹಿಡ್ಕೊಂಡು, ಇಷ್ಟೇ ಹೊತ್ತು ಅಂತ ಇಳಿಸ್ತಿದ್ರಿ ತಾನೇ? ಯಾರಾದ್ರೂ ರಾತ್ರಿಯೆಲ್ಲ ತೊಟ್ಟೀಲೇ ಮಲಗ್ತೀನಿ ಅಂದಿದ್ರೆ?"

"ಕಿವಿ ಹಿಡಿದು ಎಬ್ಬಿಸ್ತಿದ್ದೆ."

"ನಾನೂ ಅಷ್ಟೇ ಅತ್ತೆ. ಗಡಿಯಾರ ಹಿಡ್ಕೊಂಡು ನಿಂತಿದ್ದೀನಿ."

ಹೆದ್ವಿಕಾ ಮುಖ ಊದಿಸಿಕೊಂಡೇ ಗಸಗಸೆ ಹೂರಣದ ಬನ್ನುಗಳನ್ನು ತಂದಿಟ್ಟಳು. ಕೊನೆಗೆ, "ಇಟ್ಟು ಹೋಗು ನಿನ್ನ ಡಬ್ಬೀನ. ಏನೂ ಇಲ್ಲ ಅಂತ ಬಂದ ದಿನ ಬೀದಿಗೆಲ್ಲ ಕೇಳೋ ಹಾಗೆ ಹೇಳ್ತೀನಿ," ಎಂದಳು.

ಬ್ಲಾಜೆನಾ ಅಡುಗೆಮನೆಗೊಂದು, ಮಹಡಿಗೊಂದು, ಹಿಂದಿನ ಕೋಣೆಗೊಂದು ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ ಇಟ್ಟಳು. ಒಳಗಿನ ಪುಟ್ಟ ಹಾಳೆಯ ಮೇಲೆ ರೇಡಾನ್ ತನ್ನ ಗೀರು ಮೂಡಿಸುತ್ತದೆ. ಕೆಲವು ವಾರಗಳಾದ ಮೇಲೆ ಪ್ರಯೋಗಾಲಯದವರು ಆ ಗೀರುಗಳನ್ನು ಎಣಿಸುತ್ತಾರೆ. "ಮುಟ್ಟಬೇಡಿ," ಎಂದಷ್ಟೇ ಹೇಳಿ ಹೋದಳು.

ಡಿಸೆಂಬರಿನಲ್ಲಿ ಫಲಿತಾಂಶ ಅಂಚೆಯಲ್ಲಿ ಹೆದ್ವಿಕಾಳ ಮನೆಗೇ ಬಂತು. ಮಹಡಿಯದು ಪರವಾಗಿಲ್ಲ. ಅಡುಗೆಮನೆಯದು ಮುನ್ನೂರರ ಗೆರೆಯನ್ನು ದಾಟಿತ್ತು. ಅದರಿಂದಾಚೆ ಏನಾದರೂ ಮಾಡಲೇಬೇಕು ಎನ್ನುವ ಗೆರೆ ಅದು. ಹಿಂದಿನ ಕೋಣೆಯದು ಮಾತ್ರ ಹೆಚ್ಚುಕಡಿಮೆ ಸೊನ್ನೆ. ಬೆಟ್ಟದ ತುದಿಯಲ್ಲಿ ಬಯಲಿಗಿಟ್ಟರೂ ಅಷ್ಟು ಕಡಿಮೆ ಬರುವುದಿಲ್ಲ.

ಹೆದ್ವಿಕಾ ಮಾತಿಗೆ ತಪ್ಪಲಿಲ್ಲ. ಅಡುಗೆಮನೆಯ ಲೆಕ್ಕವನ್ನು ನುಂಗಿಕೊಂಡು, ಹಿಂದಿನ ಕೋಣೆಯದನ್ನು ಮಾತ್ರ ಅಂಗಡಿಯಲ್ಲಿ, ಬಸ್ಸಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಎಲ್ಲರಿಗೂ ಹೇಳಿದಳು. ಬ್ಲಾಜೆನಾ ಸಂಜೆ ಮನೆಗೆ ಬಂದಾಗ ಅತ್ತೆಯ ತುಟಿಯಲ್ಲಿ ಇನ್ನೂ ನಗು ಆರಿರಲಿಲ್ಲ.

"ಅತ್ತೆ, ಈ ಸಂಖ್ಯೆ ಸುಳ್ಳು. ಡಬ್ಬಿ ಎಲ್ಲಿಟ್ಟಿದ್ರಿ?"

"ನೀನಿಟ್ಟ ಕೋಣೇಲೇ ಇತ್ತು."

"ಇರೋದಕ್ಕೆ ಸಾಧ್ಯಾನೇ ಇಲ್ಲ. ಗೆಲ್ಲಬೇಕು ಅಂತ ಮೋಸ ಮಾಡಿದ್ದೀರಿ."

ಮಾತು ಬಾಯಿಂದ ಜಾರಿದ ಕೂಡಲೇ ಬ್ಲಾಜೆನಾಳಿಗೆ ಅದರ ತೂಕ ಗೊತ್ತಾಯಿತು. ಹೆದ್ವಿಕಾ ಎದ್ದು ಹೋಗಿ ಹಿಂದಿನ ಕೋಣೆಯ ಬಾಗಿಲು ತೆರೆದು ನಿಂತಳು. ಗೋಡೆಗಳಿಗೆ ಎಳೆ ಹಳದಿ ಬಣ್ಣ ಹಚ್ಚಿತ್ತು. ಮಗುವಿನ ಎತ್ತರಕ್ಕೆ ಸರಿಯಾಗಿ ಸಾಲು ಬಾತುಕೋಳಿಗಳನ್ನು ಬರೆದಿತ್ತು. ಒಂದರ ಕೊಕ್ಕು ಸೊಟ್ಟಗಾಗಿ, ಒರೆಸಿ ಮತ್ತೆ ತಿದ್ದಿದ ಗುರುತಿತ್ತು. ಬೀರುವಿನ ಮೇಲೆ ಉಪ್ಪಿನಕಾಯಿ ಹಾಕುವ ಗಾಜಿನ ಜಾಡಿ, ರಬ್ಬರ್ ಬಳೆ ಹಾಕಿ ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಿದ್ದು.

"ಬಣ್ಣ ಹೊಡೆಯೋವಾಗ ನಿನ್ನ ಡಬ್ಬಿಗೆ ಹನಿ ಸಿಡಿದೀತು ಅಂತ ಅದರೊಳಗಿಟ್ಟೆ. ನೀನಿಟ್ಟ ಮಾರನೇ ದಿನಾನೇ. ಮುಗಿದ ಮೇಲೆ ತೆಗೆಯೋಕೆ ಮರೆತೆ, ನೀನು ಬಂದು ಒಯ್ಯೋವರೆಗೂ. ಇದೇ ನನ್ನ ಮೋಸ."

ಬ್ಲಾಜೆನಾ ಬಾತುಕೋಳಿಗಳನ್ನು ನೋಡುತ್ತ ನಿಂತಳು. ಒಯ್ಯುವ ದಿನ ತನಗೂ ಅವಸರವಿತ್ತು. ಅತ್ತೆ ಬಾಗಿಲಲ್ಲೇ ಮೂರನ್ನೂ ಕೈಗಿತ್ತಾಗ ಒಳಗೆ ಬಂದು ನೋಡಿರಲಿಲ್ಲ. "ತಪ್ಪು ನಂದು ಅತ್ತೆ," ಎಂದಳು. "ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಕ್ಷಮಿಸಿ."

ಹೆದ್ವಿಕಾ ಮೂಗೊರೆಸಿಕೊಂಡಳು. "ಮತ್ತೆ ಅಳೆ. ಈ ಸಲ ನಾನೂ ನೋಡ್ತೀನಿ. ಡಬ್ಬಿ ಗಿಬ್ಬಿ ಬೇಡ, ಕಣ್ಣಿಗೆ ಕಾಣೋ ಮಿಷನ್ ತಾ."

ಬ್ಲಾಜೆನಾ ಗಳಿಗೆ ಗಳಿಗೆಯ ಲೆಕ್ಕ ತೋರಿಸುವ ಯಂತ್ರವನ್ನು ತಂದು ಹಿಂದಿನ ಕೋಣೆಯಲ್ಲಿಟ್ಟಳು. ಮರುದಿನ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಹೆದ್ವಿಕಾ ಕನ್ನಡಕ ಏರಿಸಿ ಅದರ ಮುಂದೆ ಮೊಣಕಾಲೂರಿ ಕೂತಿದ್ದಳು. ಹೊರಗೆ ಹಿಮ ಮಂಡಿಯುದ್ದ ಬಿದ್ದಿತ್ತು. ಒಲೆ ಧಗಧಗ ಉರಿಯುತ್ತಿತ್ತು.

"ಇದು ನಾಲ್ಕು ಸಾವಿರ ಅನ್ನುತ್ತೆ. ಕೆಟ್ಟಿದೆಯೇನೇ?"

"ಕೆಟ್ಟಿಲ್ಲ. ಬನ್ನಿ, ಎಲ್ಲಿಂದ ಬರುತ್ತೆ ತೋರಿಸ್ತೀನಿ." ಬ್ಲಾಜೆನಾ ಊದುಬತ್ತಿ ಹಚ್ಚಿ ನೆಲದ ಅಂಚಿಗೆ ಹಿಡಿದಳು, ಹೊಗೆ ನೆಟ್ಟಗೆ ಎದ್ದಿತು. ಕಿಟಕಿಯ ಕೆಳಗೂ ಹಾಗೆಯೇ. ತಣ್ಣನೆಯ ಗೂಡಿನ ಬಾಗಿಲ ಸಂದಿಗೆ ಹಿಡಿದಾಗ ಹೊಗೆ ಯಾರೋ ಊದಿದಂತೆ ಕೋಣೆಯೊಳಕ್ಕೆ ಮಲಗಿತು. ಯಂತ್ರವನ್ನು ಬೆಣ್ಣೆಯ ಪಕ್ಕದಲ್ಲಿಟ್ಟು ಇಬ್ಬರೂ ಕಾಫಿ ಕುಡಿದು ಬಂದರು. ಸಂಖ್ಯೆ ಹತ್ತುಪಟ್ಟು ಏರಿತ್ತು.

"ಈ ಕಂಡಿ ಹಳೇ ಬೆಳ್ಳಿ ಗಣಿಯ ಸುರಂಗಕ್ಕೆ ಹೋಗುತ್ತೆ ಅತ್ತೆ. ಬೆಟ್ಟದ ಹೊಟ್ಟೇಲಿರೋ ಗಾಳಿಯೆಲ್ಲ ಇಲ್ಲಿಂದ ಉಸಿರಾಡುತ್ತೆ. ನೀವು ಒಲೆ ಉರಿಸಿದಷ್ಟೂ ಬಿಸಿಗಾಳಿ ಮೇಲೆ ಹೋಗಿ, ಮನೆ ಕೆಳಗಿನಿಂದ ಇದನ್ನ ಹೀರುತ್ತೆ."

ಹೆದ್ವಿಕಾ ಮಗುವಿನ ಹಾಸಿಗೆಯ ಅಂಚಿನಲ್ಲಿ ಕೂತಳು. "ನಿಮ್ಮ ಮಾವ ಕೊನೇ ಇಪ್ಪತ್ತು ವರ್ಷ ಇಲ್ಲೇ ಮಲಗ್ತಿದ್ರು. ತಂಪಾಗಿದೆ ಅಂತ. ಶ್ವಾಸಕೋಶದ ಕಾಯಿಲೇಲೇ ಹೋದ್ರು. ಇದರಿಂದಾನಾ?" ಎಂದಳು.

ಇಂಥ ಪ್ರಶ್ನೆಗೆ ಸುಳ್ಳಿನ ಸಮಾಧಾನವೂ ಸಲ್ಲದು, ಸುಳ್ಳಿನ ತೀರ್ಪೂ ಸಲ್ಲದು ಎನ್ನುವುದು ಬ್ಲಾಜೆನಾಳಿಗೆ ಗೊತ್ತಿತ್ತು. "ಗೊತ್ತಿಲ್ಲ ಅತ್ತೆ. ಗಣೀಲಿ ದುಡಿದಿದ್ರು, ಪೈಪು ಸೇದ್ತಿದ್ರು, ಇಲ್ಲಿ ಮಲಗ್ತಿದ್ರು. ಇದೂ ಸೇರಿರಬಹುದು. ಇದೇ ಅಂತ ಯಾರೂ ಹೇಳೋಕಾಗಲ್ಲ."

"ಹೂಂ," ಎಂದಳು ಹೆದ್ವಿಕಾ. ಸೊಸೆಯ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಆಮೇಲೆ ಎದ್ದು, ಗೂಡಿನೊಳಗಿನ ಜಾಡಿಗಳನ್ನು ಒಂದೊಂದಾಗಿ ತೆಗೆದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಎಲ್ಲ ಖಾಲಿಯಾದ ಮೇಲೆ ಒದ್ದೆ ಬಟ್ಟೆಯಿಂದ ಕಲ್ಲನ್ನು ಒರೆಸಿದಳು. "ಅದೇನು ಮಾಡಬೇಕೋ ಹೇಳು. ಅರೆಬರೆ ಕೆಲಸ ನನಗಾಗಲ್ಲ."

ಏನು ಮಾಡಬೇಕೆಂದು ಬ್ಲಾಜೆನಾಳಿಗೆ ಚೆನ್ನಾಗಿ ಗೊತ್ತಿತ್ತು. ಕಂಡಿಯನ್ನು ಬರಿದೇ ಮುಚ್ಚಿದರೆ ಗಾಳಿ ಇನ್ನೊಂದು ಬಿರುಕು ಹುಡುಕಿಕೊಳ್ಳುತ್ತದೆ. ಅದಕ್ಕೆ ದಾರಿ ಕೊಡಬೇಕು. ಗಣಿ ಕಚೇರಿಯ ಒಪ್ಪಿಗೆ ಪಡೆದು, ಸುರಂಗದಿಂದ ಹೊರಗೋಡೆಗುಂಟ ಸೂರಿನ ಮೇಲಕ್ಕೆ ಒಂದು ಕೊಳವೆ, ಅದರ ತುದಿಗೆ ಹಗಲಿರುಳು ಎಳೆಯುವ ಸಣ್ಣ ಫ್ಯಾನು. ಆಮೇಲೆ ಕಂಡಿಗೆ ಇಟ್ಟಿಗೆ, ಗಾರೆ, ನೆಲದ ಸಂದುಗಳಿಗೆಲ್ಲ ಮೇಣ. ಕೆಲಸಕ್ಕೆ ಬಂದ ಗಾರೆಯವನು ರಾದೊವಾನ್ ಅದೇ ಬೀದಿಯ ಕೆಳಗಿನವನು.

"ಇಷ್ಟು ಒಳ್ಳೆ ಗೂಡು ಮುಚ್ಚಿಸ್ತಿದ್ದೀರಲ್ಲ ಹೆದ್ವಿಕಮ್ಮ. ಸೊಸೆ ಮಾತಿಗೆ ಇಷ್ಟು ಬೇಗ ಸೋತ್ರಾ?" ಎಂದು ಅವನು ಕೆಣಕಿದ.

"ಸೊಸೆಗಲ್ಲಪ್ಪ, ಲೆಕ್ಕಕ್ಕೆ ಸೋತೆ. ನೀನು ಮಾತು ಬಿಟ್ಟು ಗಾರೆ ನೋಡು. ಆ ಮೂಲೇಲಿ ಬೆರಳು ಹೋಗುತ್ತೆ."

ಫ್ಯಾನು ತಿರುಗತೊಡಗಿದ ವಾರ ಬ್ಲಾಜೆನಾ ಮತ್ತೆ ಯಂತ್ರ ಇಟ್ಟಳು. ಇಡುವ ಮೊದಲೇ, "ನೂರೈವತ್ತರ ಒಳಗೆ ಬರುತ್ತೆ," ಎಂದಿದ್ದಳು. ಅದಕ್ಕಿಂತ ಕಡಿಮೆಯೇ ಬಂತು. ಹಿನೆಕ್ ಗಡಿಯಾಚೆಯಿಂದ ಬರುವಾಗ ಲಾರಿಯಲ್ಲಿ ಒಂದು ಫ್ರಿಜ್ ಹೇರಿಕೊಂಡು ಬಂದ. ಹೆದ್ವಿಕಾ ಅದರ ಗುರ್ ಎನ್ನುವ ಸದ್ದಿಗೆ ಎರಡು ದಿನ ಬೈದಳು. ಮೂರನೆಯ ದಿನ ಅದರಲ್ಲಿ ಹಾಲಿನ ಐಸ್ ಗಟ್ಟಿಯಾಗುತ್ತದೆ ಎಂದು ಮೊಮ್ಮಗಳು ಕಂಡುಹಿಡಿದ ಮೇಲೆ ಬೈಯುವುದನ್ನು ಬಿಟ್ಟಳು. ಅಪೊಲೆನಾ ರೂಢಿಯಾಗಲೆಂದು ಆಗಲೇ ಹಳದಿ ಕೋಣೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ, ಕೈಕಾಲು ಚೆಲ್ಲಿ ಮಲಗುತ್ತಿದ್ದಳು.

ದೂರದ ಜಿಲ್ಲೆಗೆ ಹೊರಡುವ ಹಿಂದಿನ ದಿನ ಬ್ಲಾಜೆನಾ ಪೆಟ್ಟಿಗೆ ಕಟ್ಟುತ್ತಿದ್ದಾಗ ಹೆದ್ವಿಕಾ ಕೋಟು ತೊಟ್ಟು ಬಂದು ನಿಂತಳು.

"ಆ ಮಿಷನ್ ಎತ್ಕೋ. ವ್ಲಾಸ್ತಾಳ ಮನೆಗೆ ಹೋಗೋಣ."

ವ್ಲಾಸ್ತಾ ಎದುರುಮನೆಯವಳು; ಹೆದ್ವಿಕಾಳ ಜೊತೆ ಸ್ನಾನಗೃಹದಲ್ಲಿ ದುಡಿದವಳು. ಬಾಗಿಲನ್ನು ಅರ್ಧ ತೆರೆದು, ಬ್ಲಾಜೆನಾಳ ಕೈಯಲ್ಲಿದ್ದ ಯಂತ್ರ ಕಂಡು ಮುಖ ಗಂಟಿಕ್ಕಿದಳು. "ನಮ್ಮ ಮನೇಲಿ ಏನೂ ಇಲ್ಲ. ನೀನೇ ತಾನೇ ಅವತ್ತು ಬಸ್ಸಲ್ಲಿ, ಇದೆಲ್ಲ ಸುಳ್ಳು ಅಂತ ಹೇಳಿದ್ದು?"

"ಹೇಳಿದ್ದೆ. ತಪ್ಪು ಹೇಳಿದ್ದೆ, ಈಗ ಸರಿ ಹೇಳ್ತಿದ್ದೀನಿ. ಅವತ್ತು ಕೇಳಿದೋರಿಗೆಲ್ಲ ಮನೆ ಮನೆಗೆ ಹೋಗಿ ಹೇಳಬೇಕು, ನಿನ್ನಿಂದ ಶುರು. ನಿನ್ನ ಮಗಳು ಬಾಣಂತನಕ್ಕೆ ಇಲ್ಲಿಗೇ ತಾನೇ ಬರೋದು?"

ವ್ಲಾಸ್ತಾ ಒಮ್ಮೆ ಹೆದ್ವಿಕಾಳನ್ನು, ಒಮ್ಮೆ ಬ್ಲಾಜೆನಾಳನ್ನು ನೋಡಿದಳು. "ನೀನು ತಪ್ಪು ಅಂತ ಒಪ್ಪಿದ್ದು ಈ ಜನ್ಮದಲ್ಲಿ ಇದೇ ಮೊದಲು ಕಣೇ," ಎಂದು ಬಾಗಿಲನ್ನು ಪೂರ್ತಿ ತೆರೆದಳು. "ಬನ್ನಿ ಒಳಗೆ, ಚಳಿ ನುಗ್ಗುತ್ತೆ. ಶೂ ಕಳಚಿ, ನೆಲ ಈಗ ತಾನೇ ಒರೆಸಿದ್ದೀನಿ."

ಬ್ಲಾಜೆನಾ ಶೂ ಕಳಚಿ, ಹೊಸ್ತಿಲಲ್ಲಿ ನಿಂತು ಒಮ್ಮೆ ಸುತ್ತ ನೋಡಿದಳು. "ಇಲ್ಲಿ ನೆಲದಿಂದ ಬರ್ತಿರಬೇಕು," ಎಂದು, ನೆಲಮಾಳಿಗೆಯ ದೀಪ ಹಾಕಿಸಿ ಮೆಟ್ಟಿಲಿಳಿದಳು. ಮೇಲೆ ಹೆದ್ವಿಕಾ, ಒಲೆ ಉರಿಸಿದರೆ ಮನೆ ಹೇಗೆ ಬೆಟ್ಟದ ಉಸಿರನ್ನು ಹೀರುತ್ತದೆ ಎನ್ನುವುದನ್ನು ತನ್ನ ಗೆಳತಿಗೆ ಗಟ್ಟಿದನಿಯಲ್ಲಿ ವಿವರಿಸತೊಡಗಿದ್ದಳು.